ಕಾಲೇಜು ಹೋಯಿತು, ಗೋಪುರದ ಕೆಲಸ ನಿಲ್ಲಲಿಲ್ಲ

ಚಿತ್ರದುರ್ಗದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಪ್ರಾಗ್ ನಗರದ ಕ್ಲೆಮೆಂಟಿನಮ್ ಅನ್ನು ಜೆಸ್ವಿಟ್ ಕಾಲೇಜು ಅಂದಿದ್ದೀರಿ. ಈಗ ಅಲ್ಲಿರುವುದು ಲೈಬ್ರರಿ. ಕಾಲೇಜು ಮುಚ್ಚಿದ ಮೇಲೆ ಅದರ ಚರಿತ್ರೆಯೂ ಮುಗೀತು ಅಲ್ವಾ? ನಮ್ಮ ಹಳ್ಳಿಯ ಹಳೆ ಶಾಲೆ ಈಗ ಗೋದಾಮು. ಅದರ ಬಗ್ಗೆ ಯಾರು ಬರೀತಾರೆ?"

ಮೇಷ್ಟ್ರೇ, ನಮಸ್ಕಾರ. ಮುಗಿಯುವುದಿಲ್ಲ ಅಂತಲೇ ನನ್ನ ನಂಬಿಕೆ. ಕ್ಲೆಮೆಂಟಿನಮ್‌ ಕಥೆ ಶುರುವಾದದ್ದೂ ಕಾಲೇಜಿನಿಂದಲ್ಲ. ಮೊದಲು ಅದು ಡೊಮಿನಿಕನ್ ಸನ್ಯಾಸಿಗಳ ಮಠ. ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಬಂದದ್ದು 1556ರಲ್ಲಿ. ಅವರು ಕಾಲೇಜು ನಡೆಸಿದರು, ಪುಸ್ತಕ ಕೂಡಿಟ್ಟರು, ನಕ್ಷತ್ರ ನೋಡಲು ಗೋಪುರ ಕಟ್ಟಿದರು. 1773ರಲ್ಲಿ ಪೋಪ್ ಹದಿನಾಲ್ಕನೇ ಕ್ಲೆಮೆಂಟ್ ಜೆಸ್ವಿಟ್ ಸಂಘವನ್ನೇ ರದ್ದು ಮಾಡಿದರು.

ನನಗೆ ತುಂಬ ಮುಖ್ಯ ಅನ್ನಿಸುವುದು ಆಮೇಲಿನದ್ದು. ಸಂಘ ಹೋದರೂ ಆ ಗೋಪುರದ ವೀಕ್ಷಣಾಲಯದ ಮುಖ್ಯಸ್ಥ ಜೋಸೆಫ್ ಸ್ಟೆಪ್ಲಿಂಗ್ ಜಾಗ ಬಿಡಲಿಲ್ಲ. ಅವರೂ ಜೆಸ್ವಿಟ್ಟೇ. ಹವೆಯ ಲೆಕ್ಕವನ್ನು ಅಲ್ಲಿ ಮೊದಲೇ ಬರೆದಿಡುತ್ತಿದ್ದರು, ಆದರೆ ನಡುನಡುವೆ ತಪ್ಪುತ್ತಿತ್ತು. ತಪ್ಪದೆ ಬರೆಯಲು ಶುರುವಾದದ್ದು 1775ರಲ್ಲಿ. ಅಂದರೆ ಸಂಘ ರದ್ದಾಗಿ ಎರಡು ವರ್ಷದ ಮೇಲೆ! 1778ರಲ್ಲಿ ಸ್ಟೆಪ್ಲಿಂಗ್ ತೀರಿಕೊಂಡರು, ಬೇರೆಯವರು ಮುಂದುವರಿಸಿದರು. ಪ್ರಾಗನ್ನು ಆಳುತ್ತಿದ್ದ ಆಸ್ಟ್ರಿಯಾದ ಸಾಮ್ರಾಜ್ಯ ಹೋಯಿತು, ಎರಡು ಮಹಾಯುದ್ಧ ಬಂದುಹೋದವು. ಉಷ್ಣಾಂಶ ಬರೆಯುವುದು ಮಾತ್ರ ನಿಲ್ಲಲಿಲ್ಲ. ಇವತ್ತು ಹವಾಮಾನ ಎಷ್ಟು ಬದಲಾಗಿದೆ ಎಂದು ತಿಳಿಯಲು ಆ ಲೆಕ್ಕ ಬೇಕೇ ಬೇಕು. ಊರಿನ ಜನಕ್ಕೂ ಆ ಗೋಪುರ ಬೇಕಾಗಿತ್ತು. 1842ರಿಂದ ಅಲ್ಲಿ ಬಾವುಟ ಬೀಸಿ ಮಧ್ಯಾಹ್ನ ಹನ್ನೆರಡಾಯಿತು ಎಂದು ತಿಳಿಸುತ್ತಿದ್ದರು. ಕಟ್ಟಡದಲ್ಲಿ ಈಗ ಚೆಕ್ ದೇಶದ ರಾಷ್ಟ್ರೀಯ ಗ್ರಂಥಾಲಯ ಇದೆ.

ಎಲ್ಲ ಕಡೆ ಹೀಗಾಗಲಿಲ್ಲ. ಅದೇ 1556ರಲ್ಲಿ ಭಾರತದ ಮೊದಲ ಮುದ್ರಣ ಯಂತ್ರ ಬಂದಿಳಿದದ್ದು ಗೋವಾದ ಸೇಂಟ್ ಪಾಲ್ ಜೆಸ್ವಿಟ್ ಕಾಲೇಜಿಗೆ. ಆಮೇಲೆ ರೋಗರುಜಿನದ ಕಾಟಕ್ಕೆ ಕಾಲೇಜು ಬೇರೆ ಕಡೆ ಹೋಯಿತು. ಹಳೆಯ ಕಟ್ಟಡವನ್ನು ಕೊನೆಗೆ ಕೆಡವಿದರು. ಹಳೆ ಗೋವಾಕ್ಕೆ ಹೋದರೆ ಈಗ ಕಾಣುವುದು ಒಂದು ಬಾಗಿಲಿನ ಕಮಾನು ಅಷ್ಟೇ. ಇಷ್ಟು ದೊಡ್ಡ ಜಾಗ ಹೀಗಾಯಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಿಮ್ಮ ದುರ್ಗದ ರಂಗಯ್ಯನ ಬಾಗಿಲನ್ನೇ ನೋಡಿ. ಕೋಟೆಯ ಬಾಗಿಲು ಈಗ ಮ್ಯೂಸಿಯಂ. ಹಾಗಂತ ಅದು ಕೋಟೆಯ ಬಾಗಿಲಲ್ಲ ಅನ್ನಲು ಆಗುತ್ತದೆಯೇ? ನಿಮ್ಮ ಹಳ್ಳಿಯ ಶಾಲೆಗೂ ಇದೇ ಮಾತು. ಅಲ್ಲಿ ಜೋಳದ ಮೂಟೆ ಪೇರಿಸಿರುವುದು ನನಗೆ ತಪ್ಪಾಗಿ ಕಾಣುವುದಿಲ್ಲ. ಖಾಲಿ ಬಿದ್ದು ಸೂರು ಕುಸಿಯುವುದಕ್ಕಿಂತ ಅದೇ ವಾಸಿ. ನನ್ನ ಚಿಂತೆ ಬೇರೆ. ಹಳೆಯ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ ಎಲ್ಲಿವೆ? ಯಾವ ವರ್ಷ ಯಾವ ಮನೆಯ ಹೆಣ್ಣುಮಗು ಮೊದಲು ಶಾಲೆಗೆ ಬಂತು, ಯಾವ ಬರಗಾಲದಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟರು ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ದಯವಿಟ್ಟು ವಿಚಾರಿಸಿ. ಯಾರು ಬರೀತಾರೆ ಅಂದಿರಲ್ಲ, ನೀವೇ ಬರೆಯಿರಿ ಮೇಷ್ಟ್ರೇ. ನಾವು ಅಚ್ಚು ಹಾಕುತ್ತೇವೆ.

— ಸಂಪಾದಕ