ಲೀಕ್ ಅಲಾರಂ ಕೂಗುತ್ತೆ ಸರಿ, ವಾಲ್ವ್ ಮುಚ್ಚೋರು ಯಾರು?

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಎರಡನೇ ಮಹಡಿಯಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಇತ್ತೀಚೆಗೆ ಸಿಂಕ್ ಕೆಳಗಿನ ಕನೆಕ್ಷನ್ ಪೈಪ್ ಒಡೆದು, ಸಂಜೆ ಬಂದು ನೋಡಿದರೆ ಹಾಲ್‌ವರೆಗೂ ನೀರು. ಕಿಚನ್ ಕ್ಯಾಬಿನೆಟ್ ಊದಿಕೊಂಡಿತು, ಕೆಳಗಿನ ಮನೆಯ ಸೀಲಿಂಗ್ ಹಾಳಾಯಿತು. ವಾಟರ್ ಲೀಕ್ ಅಲಾರಂ ತಗೊಂಡರೆ ಪ್ರಯೋಜನ ಇದೆಯಾ? ಎಲ್ಲಿ ಇಡಬೇಕು?

ಉತ್ತರ: ಪ್ರಯೋಜನ ಇದೆ. ಆದರೆ ಸುಮ್ನೆ ಕೂಗುವ ಅಲಾರಂ ನಿಮಗೆ ಸಾಲದು. ಹಗಲಿಡೀ ಮನೆಗೆ ಬೀಗ, ಅದು ಯಾರನ್ನು ಕೂಗಬೇಕು?

ಈ ಸಾಧನದಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಅಂಗೈಯಲ್ಲಿ ಹಿಡಿಸುವ ಡಬ್ಬಿ, ಅಡಿಯಲ್ಲಿ ಎರಡು ಲೋಹದ ಬಿಂದು. ನಮ್ಮ ನಲ್ಲಿ ನೀರಿನಲ್ಲಿ ಲವಣ ಇರುವುದರಿಂದ ಅದು ವಿದ್ಯುತ್ ಹರಿಸುತ್ತದೆ. ಎರಡು ಬಿಂದುಗಳ ನಡುವೆ ನೀರು ಕೂತ ಕೂಡಲೇ ಸಣ್ಣ ಕರೆಂಟ್ ಹರಿದು ಅಲಾರಂ ಹೊಡೆದುಕೊಳ್ಳುತ್ತದೆ. ಸೆಲ್ಲಿನಲ್ಲಿ ಓಡುವುದರಿಂದ ಕರೆಂಟ್ ಹೋದರೂ ಚಿಂತೆಯಿಲ್ಲ.

ಈಗ ಸ್ವಲ್ಪ ಲೆಕ್ಕ ನೋಡಿ. ಓವರ್‌ಹೆಡ್ ಟ್ಯಾಂಕ್‌ನಿಂದ ಪ್ರತಿ 10 ಮೀಟರ್ ಕೆಳಗೆ ಬಂದಂತೆ ಸುಮಾರು 1 ಬಾರ್ ಒತ್ತಡ ಏರುತ್ತದೆ. ಹತ್ತು ಮಹಡಿಯ ಕಟ್ಟಡದಲ್ಲಿ ಎರಡನೇ ಮಹಡಿಯವರಿಗೆ ಮೇಲಿನವರಿಗಿಂತ ಒತ್ತಡ ಜಾಸ್ತಿ, ಪೈಪ್ ಒಡೆದರೆ ಹರಿಯುವ ನೀರೂ ಜಾಸ್ತಿ. ನಿಮಿಷಕ್ಕೆ 10 ಲೀಟರ್ ಅಂತ ಇಟ್ಟುಕೊಂಡರೂ ಗಂಟೆಗೆ 600 ಲೀಟರ್. ನಿಮ್ಮ ಫೋನಿಗೆ ಮೆಸೇಜ್ ಬಂದು, ನೀವು ಆಫೀಸ್‌ನಿಂದ ಹೊರಟು, ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ಎಷ್ಟಾಗಬಹುದು ನೀವೇ ಹೇಳಿ.

ಹಾಗಾಗಿ ಮೊದಲು ತೀರ್ಮಾನ ಆಗಬೇಕಾದದ್ದು ಅಲಾರಂ ಯಾವ ಕಂಪನಿಯದು ಅಂತ ಅಲ್ಲ, ವಾಲ್ವ್ ಮುಚ್ಚೋರು ಯಾರು ಅಂತ. ಪಕ್ಕದ ಮನೆಯವರ ಹತ್ತಿರವೋ ಸೆಕ್ಯೂರಿಟಿ ಹತ್ತಿರವೋ ಒಂದು ಕೀ ಇದ್ದು, ವಾಲ್ವ್ ಎಲ್ಲಿದೆ ಅಂತ ಅವರಿಗೆ ಗೊತ್ತಿದ್ದರೆ ವೈಫೈ ಅಲಾರಂ ಸಾಕು. ಕೆಲವು ಕಟ್ಟಡಗಳಲ್ಲಿ ವಾಲ್ವ್ ಮನೆಯ ಹೊರಗೆ, ಪೈಪ್‌ಗಳು ಇಳಿಯುವ ಡಕ್ಟ್‌ನಲ್ಲೇ ಇರುತ್ತದೆ, ಆಗ ಕೀ ಕೂಡ ಬೇಡ. ವೈಫೈ ಅಲಾರಂ ಆದರೆ ರೂಟರ್‌ಗೆ ಯುಪಿಎಸ್ ಇರಲಿ. ಕರೆಂಟ್ ಹೋದಾಗ ರೂಟರ್ ಮಲಗಿದರೆ ಮೆಸೇಜೂ ಬರುವುದಿಲ್ಲ. ಇಂಥ ಅಲಾರಂಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, ಅದನ್ನೂ ನೋಡಿಕೊಳ್ಳಿ.

ಯಾರೂ ಇಲ್ಲ ಅಂದರೆ ಮೋಟರ್ ವಾಲ್ವ್ ಬೇಕು. ಸೆನ್ಸರ್ ಒದ್ದೆಯಾದ ಕೂಡಲೇ ಅದು ತಾನೇ ತಿರುಗಿ ಲೈನ್ ಬಂದ್ ಮಾಡುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಇದರ ಜಾಹೀರಾತುಗಳಲ್ಲಿ ಮನೆಗೆ ಒಂದೇ ಮೇನ್ ಲೈನ್ ತೋರಿಸುತ್ತಾರೆ. ಅಮೆರಿಕದ ಮನೆಗಳಿಗೆ ಅದು ಸರಿ. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಅಡುಗೆಮನೆಗೊಂದು, ಒಂದೊಂದು ಬಾತ್‌ರೂಮಿಗೂ ಒಂದೊಂದು ಅಂತ ಬೇರೆ ಬೇರೆ ಲೈನ್ ಇಳಿಸಿರುತ್ತಾರೆ. ಫ್ಲಶ್‌ಗೆ ಶುದ್ಧೀಕರಿಸಿದ ನೀರು ಕೊಡುವ ಕಡೆ ಅದಕ್ಕೆ ಇನ್ನೊಂದು ಲೈನ್. ಒಂದು ವಾಲ್ವ್ ಹಾಕಿ ಮನೆಯೆಲ್ಲ ಕಾಯುತ್ತದೆ ಅಂದುಕೊಳ್ಳಬೇಡಿ. ಪ್ಲಂಬರ್ ಕರೆಸಿ, ಒಂದೊಂದೇ ವಾಲ್ವ್ ಮುಚ್ಚಿ ಯಾವ ನಲ್ಲಿ ನಿಲ್ಲುತ್ತದೆ ಅಂತ ನೋಡಿ, ಪೇಂಟ್‌ನಲ್ಲಿ ಹೆಸರು ಬರೆಸಿ. ನಿಮ್ಮ ಮನೆಯಲ್ಲಿ ಅಡುಗೆಮನೆ ಮತ್ತು ಯುಟಿಲಿಟಿ ಒಂದೇ ಲೈನ್‌ನಲ್ಲಿದ್ದರೆ ಮೋಟರ್ ವಾಲ್ವ್ ಅಲ್ಲಿಗೆ ಮೊದಲು. ಕೈಯಲ್ಲೂ ತಿರುಗಿಸಲು ಬರುವಂಥದ್ದನ್ನೇ ತಗೊಳ್ಳಿ. ಗಡಸು ನೀರಿನ ಕಡೆ ತಿಂಗಳುಗಟ್ಟಲೆ ಅಲುಗಾಡದ ವಾಲ್ವ್ ಉಪ್ಪು ಕಟ್ಟಿ ಬಿಗಿದುಕೊಳ್ಳುತ್ತದೆ. ಆಗಾಗ ಒಮ್ಮೆ ಮುಚ್ಚಿ ತೆರೆಯುತ್ತಿರಿ.

ಇನ್ನು ಜಾಗ. ಸಿಂಕ್ ಕೆಳಗೆ ಕಣ್ಣಿಗೆ ಕಾಣುವ ಹಾಗೆ ಕ್ಯಾಬಿನೆಟ್ ಹಲಗೆಯ ಮೇಲೆ ಇಡುವವರೇ ಜಾಸ್ತಿ. ನೀರು ಅಲ್ಲಿ ನಿಲ್ಲುವುದಿಲ್ಲ. ಪೈಪಿಗಾಗಿ ಕೊರೆದ ತೂತಿನಿಂದ ಇಳಿದು ಕ್ಯಾಬಿನೆಟ್ ಅಡಿಯ ನೆಲಕ್ಕೆ ಹೋಗುತ್ತದೆ. ಮುಂದಿನ ಸ್ಕರ್ಟಿಂಗ್ ಪಟ್ಟಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಒಂದು ಲೋಟ ನೀರು ಚೆಲ್ಲಿ ಎಲ್ಲಿ ಹೋಗಿ ನಿಲ್ಲುತ್ತದೆ ನೋಡಿ, ಸೆನ್ಸರ್ ಅಲ್ಲಿಗೆ. ವೈರ್ ಮೂಲಕ ಇಳಿಬಿಡುವ ಪ್ರೋಬ್ (ನೀರು ಮುಟ್ಟಿ ಗುರುತಿಸುವ ತುದಿ) ಇರುವ ಮಾದರಿ ಇಂಥ ಕಡೆ ಒಳ್ಳೆಯದು. ವಾಟರ್ ಪ್ಯೂರಿಫೈಯರ್‌ನ ಸಣ್ಣ ಬಿಳಿ ಪೈಪ್ ಜಾಯಿಂಟ್‌ನಿಂದ ಕಳಚಿಕೊಳ್ಳುವುದು ಮಾಮೂಲು, ಅದರ ಕೆಳಗೆ ಇನ್ನೊಂದು ಇಡಿ. ಫಾಲ್ಸ್ ಸೀಲಿಂಗ್ ಮೇಲೆ ಗೀಸರ್ ಇದ್ದರೆ ಅಲ್ಲಿ ಮೂರನೆಯದು. ಬಾತ್‌ರೂಮ್ ನೆಲದಲ್ಲಿ ಮಾತ್ರ ಬೇಡ. ದಿನಾ ಒದ್ದೆಯಾಗುವ ಜಾಗದಲ್ಲಿ ಇಟ್ಟರೆ ಒಂದೇ ವಾರದಲ್ಲಿ ನೀವೇ ಸೆಲ್ ಕಿತ್ತು ಬಿಸಾಡುತ್ತೀರಿ.

ಅಲಾರಂ ತರುವ ಮೊದಲು ಕನೆಕ್ಷನ್ ಪೈಪ್‌ಗಳನ್ನೇ ಒಮ್ಮೆ ನೋಡಿ. ಮೇಲಿನ ಸ್ಟೀಲ್ ಹೆಣಿಗೆ ಹೊಳೆಯುತ್ತಿರುತ್ತದೆ, ಒಳಗೆ ರಬ್ಬರ್ ಮಾತ್ರ ಹಳತಾಗಿ ಬಿರುಸಾಗಿರುತ್ತದೆ. ನಟ್ ಹತ್ತಿರ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ, ಹೆಣಿಗೆಯ ಎಳೆ ಬಿಟ್ಟಿದ್ದರೆ ಅವತ್ತೇ ಬದಲಿಸಿ. ಪ್ಲಾಸ್ಟಿಕ್ ನಟ್ ಬೇಡ, ಹಿತ್ತಾಳೆಯದು ಹಾಕಿಸಿ. ಏನೂ ಕಾಣದಿದ್ದರೂ ಐದು ವರ್ಷಕ್ಕೊಮ್ಮೆ ಬದಲಾಯಿಸುವುದು ಕ್ಷೇಮ. ಕಮೋಡ್ ಪಕ್ಕದ ಕೈ ಸ್ಪ್ರೇ, ಅಂದರೆ ಹೆಲ್ತ್ ಫಾಸೆಟ್‌ನ ಪೈಪ್ ಅಂತೂ ಸದಾ ಒತ್ತಡದಲ್ಲೇ ಇರುತ್ತದೆ, ಏಕೆಂದರೆ ಗೋಡೆಯ ಆಂಗಲ್ ಕಾಕ್ (ಅದಕ್ಕೆ ನೀರು ಬಿಡುವ ಸಣ್ಣ ವಾಲ್ವ್) ಯಾರೂ ಮುಚ್ಚುವುದಿಲ್ಲ. ನಮ್ಮ ಕಡೆ ರಾತ್ರೋರಾತ್ರಿ ಪ್ಲಂಬರ್‌ಗೆ ಬರುವ ಕರೆಗಳಲ್ಲಿ ಅದರದ್ದೇ ದೊಡ್ಡ ಪಾಲು.

ಪ್ರಶ್ನೆ: ನಮ್ಮ ಏರಿಯಾದಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ನೀರಿಲ್ಲದಾಗ ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಮಲಗಿ, ರಾತ್ರಿ ಮನೆಯೆಲ್ಲ ನೀರಾಗಿತ್ತು. ಟ್ಯಾಂಕ್‌ಗೆ ಅಲಾರಂ ಇದೆ, ಅದೇಕೆ ಕೂಗಲಿಲ್ಲ?

ಉತ್ತರ: ಅದು ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ. ನಿಮ್ಮ ಟ್ಯಾಂಕ್ ತುಂಬಲೇ ಇಲ್ಲ, ನೀರೆಲ್ಲ ಸಿಂಕಿಗೆ ಹೋಯಿತಲ್ವಾ! ನಿಮಗೆ ವೈಫೈ ಏನೂ ಬೇಡ. ಜೋರಾಗಿ ಕೂಗುವ ಸಾದಾ ಲೀಕ್ ಅಲಾರಂ ಸಾಕು, ರಾತ್ರಿ ನೀವು ಮನೆಯಲ್ಲೇ ಇರುತ್ತೀರಿ. ಪಾತ್ರೆಯೋ ಬಟ್ಟೆಯೋ ಸಿಂಕಿನ ತೂತು ಮುಚ್ಚಿದ್ದರಿಂದಲೇ ನೀರು ಹೊರಗೆ ಬಂದಿರುತ್ತದೆ. ಮಲಗುವಾಗ ಸಿಂಕ್ ಖಾಲಿ ಇರಲಿ.

ಒಂದು ಎಚ್ಚರಿಕೆ. ನಿಂತ ನೀರಿಗೆ ಕಾಲಿಡುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನು ಬೇರೆಯಾಗಿ ಆಫ್ ಮಾಡಬೇಕು, ಮೇನ್ ತೆಗೆದರೂ ಅದು ಕರೆಂಟ್ ಕೊಡುತ್ತಲೇ ಇರುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಹಳೇ ಮನೆ. ಬಾತ್‌ರೂಮ್ ಹಿಂದಿನ ಗೋಡೆ ಸದಾ ತೇವ, ಪೇಂಟ್ ಉದುರುತ್ತದೆ. ಅಲಾರಂನಿಂದ ಪತ್ತೆ ಮಾಡಬಹುದೇ?

ಉತ್ತರ: ಇಲ್ಲ. ಗೋಡೆಯೊಳಗೆ ಒಸರುವ ನೀರು ಸೆನ್ಸರ್ ಮುಟ್ಟುವುದೇ ಇಲ್ಲ. ಖರ್ಚಿಲ್ಲದ ಪರೀಕ್ಷೆಯೊಂದಿದೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಪೈಪಿನಲ್ಲೋ ಫ್ಲಶ್ ಟ್ಯಾಂಕಿನಲ್ಲೋ ಸೋರಿಕೆ ಇದೆ. ಇಳಿದಿಲ್ಲ, ಸ್ನಾನ ಮಾಡಿದ ಮೇಲೆ ಮಾತ್ರ ತೇವ ಜಾಸ್ತಿ ಅಂದರೆ ನೆಲದ ಟೈಲ್ಸ್ ಸಂದು ಅಥವಾ ನಹಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಜಾಲರಿ ತೂತು) ಸುತ್ತ ನೋಡಿಸಿ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಊರಿನ ಮನೆಗೆ ಆರು ತಿಂಗಳು ಬೀಗ. ಸ್ಮಾರ್ಟ್ ಅಲಾರಂ ಹಾಕಿಸಲೇ?

ಉತ್ತರ: ಅದಕ್ಕಿಂತ ಟ್ಯಾಂಕ್‌ನ ಗೇಟ್ ವಾಲ್ವ್ ಮುಚ್ಚಿಸಿ, ಪಂಪ್‌ನ ಎಂಸಿಬಿ (ಬೋರ್ಡಿನಲ್ಲಿರುವ ಬ್ರೇಕರ್ ಸ್ವಿಚ್) ಇಳಿಸಿ. ಆಟೋಮ್ಯಾಟಿಕ್ ಕಂಟ್ರೋಲರ್ ಇರುವ ಮನೆಗಳಲ್ಲಿ ಇದು ಬಹಳ ಮುಖ್ಯ. ಪೈಪ್ ಒಡೆದು ಟ್ಯಾಂಕ್ ಖಾಲಿಯಾದರೆ ಕಂಟ್ರೋಲರ್ ಪಂಪ್ ಚಾಲೂ ಮಾಡಿ ಸಂಪಿನ ನೀರನ್ನೂ ಮನೆಯೊಳಗೇ ಸುರಿಯುತ್ತದೆ.

ಪ್ರಶ್ನೆ: ಇಂಥ ನಷ್ಟಕ್ಕೆ ಇನ್ಶೂರೆನ್ಸ್ ಸಿಗುತ್ತದೆಯೇ?

ಉತ್ತರ: 2021ರ ಏಪ್ರಿಲ್‌ನಿಂದ ಬಂದಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ನೀರಿನ ಟ್ಯಾಂಕ್, ಪೈಪ್ ಒಡೆದು ಅಥವಾ ಉಕ್ಕಿ ಆಗುವ ಹಾನಿ ಸೇರಿದೆ. ತಿಂಗಳುಗಟ್ಟಲೆ ಒಸರಿ ಆದ ತೇವ, ಸವೆತಕ್ಕೆ ಸಿಗುವುದಿಲ್ಲ. ಒರೆಸುವ ಮೊದಲೇ ಫೋಟೋ ತೆಗೆದಿಡಿ, ಒಡೆದ ಪೈಪನ್ನು ಪ್ಲಂಬರ್ ಒಯ್ಯದಂತೆ ನೋಡಿಕೊಳ್ಳಿ.