ಡ್ರಮ್ಮರ್ ಸಿಗುವ ತನಕ ಕಾಯಬೇಡಿ, ಡ್ರಮ್ ಮೆಷಿನ್ ಅಂತೂ ಮಾರಲೇಬೇಡಿ

ನಿಮ್ಮ ಬ್ಯಾಂಡ್‌ನಲ್ಲಿ ಇಬ್ಬರೇ ಇದ್ದೀರಿ, ಗಾಡ್‌ಫ್ಲೆಶ್ ಅನ್ನುವ ಇಂಗ್ಲೆಂಡಿನ ಮೆಟಲ್ ಬ್ಯಾಂಡ್‌ನ ಹುಚ್ಚು, ಕೈಯಲ್ಲಿ ಡ್ರಮ್ ಮೆಷಿನ್ (ತಾಳವನ್ನು ತಾನೇ ಬಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇದ್ದರೂ ಡ್ರಮ್ಮರ್ ಇಲ್ಲದೆ ಸ್ಟೇಜ್ ಹತ್ತುವುದು ಹೇಗೆ ಅಂತ ಚಿಂತೆ. ಅಲ್ವಾ? 12 ವರ್ಷದ ಹಿಂದೆ ಬನಶಂಕರಿಯ ಒಂದು ಮಹಡಿ ರೂಮಿನಲ್ಲಿ ನಾನೂ ನನ್ನ ಗೆಳೆಯನೂ ಹೀಗೇ ಕೂತಿದ್ದೆವು. ಅವನದು ಬೇಸ್ ಗಿಟಾರ್, ನನ್ನದು ಗಿಟಾರ್, ಜೊತೆಗೊಂದು ಸೆಕೆಂಡ್ ಹ್ಯಾಂಡ್ ಡ್ರಮ್ ಮೆಷಿನ್. 11 ಹಾಡು ಸಿದ್ಧವಾಗಿದ್ದವು.

ಮೊದಲ ಶೋನಲ್ಲಿ ಯಾರೋ 'ಡ್ರಮ್ಮರ್ ಊಟಕ್ಕೆ ಹೋದನಾ?' ಅಂತ ಕೂಗಿದ. ಅಷ್ಟೇ. ಮುಂದಿನ ತಿಂಗಳು ಒಬ್ಬ ಹುಡುಗನನ್ನು ಸೇರಿಸಿಕೊಂಡೆವು. ಮೆಷಿನ್ ಮಾರಿ ಅವನಿಗೆ ಸಿಂಬಲ್ (ಡ್ರಮ್ ಸೆಟ್‌ನ ಲೋಹದ ತಟ್ಟೆ) ಕೊಡಿಸಿದೆ.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಹುಡುಗ ಕೆಟ್ಟದಾಗಿ ಬಾರಿಸುತ್ತಿರಲಿಲ್ಲ. ಚೆನ್ನಾಗಿ ಬಾರಿಸುತ್ತಿದ್ದ, ಅದೇ ತೊಂದರೆ. ನಮ್ಮ ರಿಫ್‌ಗಳಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳಲ್ಲಿ, ಖಾಲಿ ಜಾಗ ಜಾಸ್ತಿ. ಗಿಟಾರ್ ನಿಂತಾಗಲೂ ಮೆಷಿನ್ ಅದೇ ಏಟನ್ನು ಅದೇ ಜಾಗದಲ್ಲಿ ಹಾಕುತ್ತಿತ್ತು. ಕೇಳುವವರ ಎದೆ ಹಿಂಡುತ್ತಿದ್ದದ್ದು ಅದು. ಒಳ್ಳೆಯ ಡ್ರಮ್ಮರ್‌ಗೆ ಖಾಲಿ ಜಾಗ ಕಂಡರೆ ಕೈ ಸುಮ್ನೆ ಇರುವುದಿಲ್ಲ, ಒಂದು ರೋಲ್ ಹಾಕಿಬಿಡುತ್ತಾನೆ. 70 ಬಿಪಿಎಂನಲ್ಲಿ (ನಿಮಿಷಕ್ಕೆ 70 ಏಟು) ಶುರುವಾದ ಹಾಡು ಮುಗಿಯುವಾಗ 78. ಗೋಡೆಯಂತಿದ್ದ ಹಾಡು ಕುಣಿಯತೊಡಗಿತು. ಎಂಟು ತಿಂಗಳಲ್ಲಿ ಬ್ಯಾಂಡ್ ಮುಗಿಯಿತು. ಮೆಷಿನ್ ಜೊತೆಗೆ ಅದರ ಮೆಮೊರಿಯಲ್ಲಿದ್ದ ನಮ್ಮ ತಾಳದ ಪ್ಯಾಟರ್ನ್‌ಗಳೂ ಹೋದವು. ಒಂದನ್ನೂ ಬರೆದಿಟ್ಟಿರಲಿಲ್ಲ, ದಡ್ಡ ನಾನು.

ನೀವು ಡ್ರಮ್ಮರ್ ಇಲ್ಲ ಎನ್ನುವುದನ್ನೇ ಕೊರತೆ ಅಂದುಕೊಂಡಿದ್ದೀರಿ. ನಾನು ಒಪ್ಪುವುದಿಲ್ಲ. ಗಾಡ್‌ಫ್ಲೆಶ್‌ನ ಜಸ್ಟಿನ್ ಬ್ರಾಡ್ರಿಕ್ ಸ್ವತಃ ಡ್ರಮ್ಮರ್. ಹೆಡ್ ಆಫ್ ಡೇವಿಡ್ ಬ್ಯಾಂಡ್‌ನಲ್ಲಿ ಬಾರಿಸಿದವರು. ಆದರೂ 1988ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೇಸ್ ನುಡಿಸುವ ಗ್ರೀನ್ ಜೊತೆ ಗಾಡ್‌ಫ್ಲೆಶ್ ಕಟ್ಟಿದಾಗ ಮೆಷಿನ್ ಇಟ್ಟುಕೊಂಡರು. 1989ರ 'ಸ್ಟ್ರೀಟ್‌ಕ್ಲೀನರ್' ಆಲ್ಬಮ್ ಕೇಳಿ. ಅಲ್ಲಿ ಮನುಷ್ಯ ಬಾರಿಸಿದ್ದರೆ ಅಷ್ಟು ಕ್ರೂರವಾಗಿ ಕೇಳುತ್ತಿತ್ತೇ?

ಅವರೂ ಡ್ರಮ್ಮರ್‌ಗಳನ್ನು ಕರೆದರು, ನಿಜ. 1996ರ ಆಲ್ಬಮ್‌ಗೆ ಬ್ರಯನ್ ಮಾಂಟಿಯ, 2001ರ 'ಹಿಮ್ಸ್'ಗೆ ಟೆಡ್ ಪಾರ್ಸನ್ಸ್. ಕೆಟ್ಟ ಆಲ್ಬಮ್‌ಗಳಲ್ಲ, ಆದರೆ ನಾನು ಮತ್ತೆ ಮತ್ತೆ ಹಾಕುವುದು ಅವನ್ನಲ್ಲ. 2002ರಲ್ಲಿ ಬ್ಯಾಂಡ್ ನಿಂತಿತು (ಅದಕ್ಕೆ ಡ್ರಮ್ಮರ್ ಕಾರಣ ಅಲ್ಲ, ಬ್ರಾಡ್ರಿಕ್ ಮನಸ್ಸು ಸೋತಿತ್ತು). 2010ರಲ್ಲಿ ಮತ್ತೆ ಸ್ಟೇಜ್ ಹತ್ತಿದಾಗ ಅದೇ ಇಬ್ಬರು, ಜೊತೆಗೆ ಮೆಷಿನ್. 2014, 2017, 2023ರ ಆಲ್ಬಮ್‌ಗಳಲ್ಲೂ ಮೆಷಿನ್ನೇ.

ಈ ತಿಂಗಳೇ ಶೋ ಮಾಡಿ. ಮೆಷಿನ್ ಸೌಂಡ್ ಗಿಟಾರ್‌ಗಿಂತ ಜೋರಾಗಿರಲಿ. ಪ್ಯಾಟರ್ನ್‌ಗಳನ್ನು ಇವತ್ತೇ ಎರಡು ಕಡೆ ಕಾಪಿ ಮಾಡಿ.

ಹೋದ ವರ್ಷ ಅದೇ ಮಾಡೆಲ್ ಮೂರು ಪಟ್ಟು ದುಡ್ಡು ಕೊಟ್ಟು ತಂದೆ. ನಾಲ್ಕು ಹಾಡು ನೆನಪಿನಿಂದಲೇ ಮತ್ತೆ ಕಟ್ಟಿದ್ದೇವೆ. ಐದನೆಯದರಲ್ಲಿ ಕಿಕ್ (ದೊಡ್ಡ ಡ್ರಮ್‌ನ ಏಟು) ಎಲ್ಲಿ ಬೀಳುತ್ತಿತ್ತು ಅಂತ ನನಗೂ ಗೆಳೆಯನಿಗೂ ಇನ್ನೂ ಜಗಳ ನಡೆದಿದೆ.