ಸೀಸದ ಸಿಪಾಯಿ ಬೊಂಬೆಗಳು: ತಿರುಗಿಸಿ ನೋಡಿ, ತೊಳೆಯಬೇಡಿ

ರಾಬರ್ಟ್‌ಸನ್‌ಪೇಟೆಯ ತಾತನ ಮನೆಯನ್ನು ಖಾಲಿ ಮಾಡುವಾಗ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ 11 ಲೋಹದ ಸಿಪಾಯಿ ಬೊಂಬೆಗಳು ಸಿಕ್ಕಿವೆ, ಕೆಲವುಗಳ ಕೈ ಆಡುತ್ತದೆ, ಎರಡರ ಮೇಲೆ ಬಿಳಿ ಪುಡಿ ಕಾಣುತ್ತಿದೆ, ಇವು ನಿಜವಾಗಿಯೂ ಹಳೆಯವೇ, ತೊಳೆದು ಹೊಸ ಬಣ್ಣ ಹಚ್ಚಿಸಬಹುದೇ ಎಂದು ತಾವು ಕೇಳಿದ್ದೀರಿ. ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ತೊಳೆಯಬೇಡಿ, ಬಣ್ಣ ಹಚ್ಚಿಸಲೂ ಬೇಡಿ. ಅನೇಕ ವರ್ಷಗಳ ಹಿಂದೆ ಕೋಲಾರದ ಗುಜರಿ ಅಂಗಡಿಯೊಂದರಲ್ಲಿ ನನಗೆ ಮೊದಲ ಸಿಪಾಯಿ ಸಿಕ್ಕಾಗ, ಹಿತ್ತಾಳೆ ದೀಪ ಬೆಳಗುವಂತೆ ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಕೆಂಪು ಅಂಗಿಯ ಬಣ್ಣವೆಲ್ಲ ಬೆರಳಿಗೆ ಬಂತು, ಒಳಗಿನ ಸೀಸ ಕಪ್ಪಿಟ್ಟಿತು. ಆ ನಷ್ಟವನ್ನು ತುಂಬುವ ದಾರಿಯೇ ಇರಲಿಲ್ಲ. ಮೂಲ ಬಣ್ಣ ಅರ್ಧ ಉದುರಿದ್ದರೂ ಅದಕ್ಕಿರುವ ಬೆಲೆ ಹೊಸ ಬಣ್ಣಕ್ಕೆ ಎಂದಿಗೂ ಬರುವುದಿಲ್ಲ.

ಇನ್ನು ಗುರುತಿಸುವ ವಿಚಾರ. ಒಂದು ಬೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡು ತೂಕ ನೋಡಿ. ಗಾತ್ರಕ್ಕೆ ಹೋಲಿಸಿದರೆ ಹಗುರವಾಗಿದ್ದು, ತಲೆಯ ಬಳಿಯೋ ಕಾಲಿನ ಬಳಿಯೋ ಸಣ್ಣ ತೂತಿದ್ದರೆ ಅದು ಪೊಳ್ಳು ಎರಕದ್ದು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಸುರಿದು, ಹೊರಪದರ ಗಟ್ಟಿಯಾದ ಕೂಡಲೇ ಒಳಗಿನ ದ್ರವವನ್ನು ಮರಳಿ ಸುರಿದುಬಿಡುವ ಈ ವಿಧಾನವನ್ನು ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆ 1893ರಲ್ಲಿ ಬಳಕೆಗೆ ತಂದಿತು. ಲೋಹ ಕಡಿಮೆ ಹಿಡಿಯುವುದರಿಂದ ಬೆಲೆಯೂ ಇಳಿಯಿತು. ಅಲ್ಲಿಯವರೆಗೆ ಮಾರುಕಟ್ಟೆಯನ್ನು ಆಳುತ್ತಿದ್ದ ಜರ್ಮನಿಯ ಗಟ್ಟಿ ಎರಕದ ಬೊಂಬೆಗಳಿಗೆ ಇದು ದೊಡ್ಡ ಪೆಟ್ಟಾಯಿತು. ನಿಮ್ಮದು ಕೈಗೆ ಭಾರವೆನಿಸಿ, ಎಲ್ಲಿಯೂ ತೂತಿಲ್ಲದಿದ್ದರೆ ಡ್ರೆಸ್ಡೆನ್ನಿನ ಹೈಡೆ ಅಥವಾ ಫ್ರಾನ್ಸಿನ ಮಿನ್ಯೋ ಸಂಸ್ಥೆಯದ್ದಾಗಿರುವ ಸಾಧ್ಯತೆಯನ್ನೂ ಪರಿಶೀಲಿಸಬೇಕು. ಎಲೆಯಂತೆ ಚಪ್ಪಟೆಯಾದವು ಜರ್ಮನಿಯ ಇನ್ನೂ ಹಳೆಯ ಪರಂಪರೆಗೆ ಸೇರಿದ ತವರದ ಬೊಂಬೆಗಳು. ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಸೀಸವಲ್ಲ.

ಆಮೇಲೆ ತಲೆಕೆಳಗು ಮಾಡಿ ಪೀಠದ ಅಡಿಭಾಗವನ್ನು ನೋಡಿ. ಕುದುರೆ ಸವಾರನಾದರೆ ಕುದುರೆಯ ಹೊಟ್ಟೆಯನ್ನು ನೋಡಿ. ಬ್ರಿಟನ್ ಸಂಸ್ಥೆಯ ತೀರ ಮೊದಲ ಬೊಂಬೆಗಳಲ್ಲಿ ಗುರುತೇ ಇರುವುದಿಲ್ಲ, ನಂತರದ ಕೆಲವಕ್ಕೆ ಕಾಗದದ ಚೀಟಿ ಅಂಟಿಸಿರುತ್ತಿದ್ದರು, ಆಮೇಲಿನವುಗಳಲ್ಲಿ ಹೆಸರು ಲೋಹದಲ್ಲೇ ಉಬ್ಬಿ ಬಂದಿರುತ್ತದೆ. ಅಲ್ಲಿ 1901 ಎಂಬಂಥ ಇಸವಿ ಕಂಡರೆ ಬೊಂಬೆ ಆ ವರ್ಷ ತಯಾರಾಯಿತೆಂದು ತಿಳಿಯಬೇಡಿ; ಅದು ಆ ವಿನ್ಯಾಸದ ಹಕ್ಕನ್ನು ನೋಂದಾಯಿಸಿದ ವರ್ಷ, ಅದೇ ಅಚ್ಚಿನಿಂದ ಮುಂದೆ ಎಷ್ಟೋ ವರ್ಷ ಬೊಂಬೆಗಳು ಹೊರಬಂದಿವೆ. ಹೊಸಬರು ಅತಿ ಹೆಚ್ಚು ಮೋಸಹೋಗುವುದು ಇಲ್ಲಿಯೇ. ಎತ್ತರ ಸುಮಾರು 54 ಮಿಲಿಮೀಟರ್ ಇದ್ದು ಕೈ ಬೇರೆಯಾಗಿ ಜೋಡಿಸಿದ್ದಾಗಿದ್ದರೆ ಬ್ರಿಟನ್ ಸಂಸ್ಥೆಯದು ಎನ್ನುವುದಕ್ಕೆ ಬಲ ಬರುತ್ತದೆ, ಆದರೆ ಜಾನ್ ಹಿಲ್, ಕ್ರೆಸೆಂಟ್ ಮುಂತಾದ ಇಂಗ್ಲಿಷ್ ಸಂಸ್ಥೆಗಳೂ ಪೊಳ್ಳು ಎರಕವನ್ನೇ ಅನುಸರಿಸಿದವು. ಬ್ರಿಟನ್ ಸಂಸ್ಥೆ ಸೀಸದ ಬೊಂಬೆಗಳನ್ನು 1966ರಲ್ಲಿ ನಿಲ್ಲಿಸಿತು. ನಿಮ್ಮ ಡಬ್ಬಿಯಲ್ಲಿ ಹಳದಿ ನಿಲುವಂಗಿಯ, ಪೇಟ ಸುತ್ತಿದ ಸವಾರನೇನಾದರೂ ಇದ್ದರೆ ಬಹಳ ಜೋಪಾನ ಮಾಡಿ. ಅದು ಬ್ರಿಟನ್ ಸಂಸ್ಥೆಯ ಪಟ್ಟಿಯ 47ನೇ ಸಂಖ್ಯೆಯ, ಸ್ಕಿನ್ನರ್ಸ್ ಹಾರ್ಸ್ ಎಂಬ ಭಾರತೀಯ ಅಶ್ವದಳದ ಸವಾರನಾಗಿರಬಹುದು.

ಕುತ್ತಿಗೆಯನ್ನೂ ಗಮನಿಸಿ. ನನ್ನಲ್ಲಿರುವ ಒಬ್ಬ ಕಾಲಾಳಿನ ತಲೆ ಸ್ವಲ್ಪ ಅಲುಗಾಡುತ್ತಿತ್ತು. ಮೆಲ್ಲನೆ ಎತ್ತಿದಾಗ ಟೊಳ್ಳು ದೇಹದೊಳಗೆ ಸಿಕ್ಕಿಸಿದ ಬೆಂಕಿಕಡ್ಡಿಯ ತುಂಡು ಕಾಣಿಸಿತು, ಅದರ ತುದಿಯಲ್ಲಿ ಮದ್ದಿನ ಬಣ್ಣವೂ ಉಳಿದಿತ್ತು. ಮಕ್ಕಳ ಆಟದಲ್ಲಿ ಮುರಿದ ತಲೆಯನ್ನು ಹೀಗೆ ಕೂಡಿಸುವುದು ಇಂಗ್ಲೆಂಡಿನ ಮನೆಗಳಲ್ಲಿ ವಾಡಿಕೆಯಾಗಿತ್ತು. ಮಾರುವವರಿಗೆ ಇದೊಂದು ದೋಷ, ಆದರೆ ನಾನು ಆ ಕಡ್ಡಿಯನ್ನು ತೆಗೆಯಲಿಲ್ಲ. ಚಿನ್ನದ ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ, ನಿಮ್ಮ ರಾಬರ್ಟ್‌ಸನ್‌ಪೇಟೆ ಸೇರಿರುವ ಕೆ.ಜಿ.ಎಫ್.ನ ಬಂಗಲೆಗಳಲ್ಲಿ ಇಂಗ್ಲಿಷ್ ಕುಟುಂಬಗಳು ನೆಲೆಸಿದ್ದವು. 1956ರಲ್ಲಿ ಗಣಿಗಳು ಸರ್ಕಾರದ ವಶವಾದವು. ಊರು ಬಿಡುವವರು ಹಿಂದೆ ಬಿಟ್ಟುಹೋದ ಆಟದ ಸಾಮಾನು ನಿಮ್ಮ ತಾತನಂಥವರ ಮನೆ ಸೇರಿದ್ದರೆ ಆಶ್ಚರ್ಯವಿಲ್ಲ. ಆದುದರಿಂದ ಅವು ಯಾರಿಂದ, ಯಾವಾಗ ಬಂದವೆಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಬಿಳಿ ಪುಡಿಯ ವಿಷಯ ಸ್ವಲ್ಪ ಗಂಭೀರವಾದದ್ದು. ಮರ, ಪ್ಲೈವುಡ್, ರಟ್ಟು ಇವುಗಳಿಂದ ಹೊರಡುವ ಆಮ್ಲದ ಆವಿ ತೇವದೊಂದಿಗೆ ಸೇರಿದಾಗ ಸೀಸ ಹೀಗೆ ಕೊರೆದುಹೋಗುತ್ತದೆ. ಆ ಎರಡನ್ನು ಇಂದೇ ಬೇರೆಯಾಗಿಡಿ. ಡಬ್ಬಿಯಲ್ಲಿ ರಟ್ಟೋ ಹಳೆಯ ಕಾಗದವೋ ಇದ್ದರೆ ತೆಗೆದುಬಿಡಿ. ಉಳಿದವನ್ನು ಮರದ ಬೀರುವಿಗೆ ಬದಲಾಗಿ ಗಾಳಿಯಾಡುವ, ಒಣಗಿದ ಗಾಜಿನ ಕಪಾಟಿನಲ್ಲಿಡಿ. ಪುಡಿ ವಿಷಕಾರಿಯಾದ್ದರಿಂದ ಊದಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಕೆಂಪು ಬಣ್ಣದ ಮೂಲ ಪೆಟ್ಟಿಗೆ ಮನೆಯಲ್ಲಿ ಎಲ್ಲಾದರೂ ಸಿಕ್ಕರೆ ಹರಿದಿದ್ದರೂ ಎಸೆಯಬೇಡಿ, ಬೊಂಬೆಗಳ ಬೆಲೆ ಅದರಿಂದ ಬಹಳ ಏರುತ್ತದೆ. ಬೊಂಬೆಗಳನ್ನು ಮಾತ್ರ ಅದರಿಂದ ಹೊರಗಿಡಿ. ವಿದೇಶಕ್ಕೆ ಮಾರುವ ಯೋಚನೆಯಿದ್ದರೆ, ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯಿದೆ ಅನ್ವಯಿಸುವ ಸಾಧ್ಯತೆಯಿದೆ, ಮೊದಲು ಅದನ್ನು ವಿಚಾರಿಸಿ.

ಫೋಟೊ ಹಾಕುವುದಾದರೆ ಮುಖಕ್ಕಿಂತ ಪೀಠದ ಅಡಿಭಾಗವನ್ನು ತೆಗೆಯಿರಿ. ಬೆಳಗಿನ ಓರೆ ಬಿಸಿಲಿನಲ್ಲಿ ಹಿಡಿದರೆ ಸವೆದ ಅಕ್ಷರಗಳೂ ಓದಲು ಸಿಗುತ್ತವೆ.